ಕಪ್ಪೆಚಿಪ್ಪು ಬಾಯಿ ಬಿಟ್ಟ ದಿನ

ಹಿತ್ತಿಲ ಬಾಗಿಲಲ್ಲಿ ಕೂತು ನೆನೆಹಾಕಿದ ಅವರೆಕಾಳು ಹಿದುಕುತ್ತಿದ್ದೆ. ಕೆರೆ ಕಡೆಯಿಂದ ಬಂದ ನಮ್ಮ ಯಜಮಾನರು ಟವೆಲಿನ ಗಂಟು ಬಿಚ್ಚಿ ನನ್ನ ಮುಂದೆ ಸುರಿದರು. ಹತ್ತು ಹದಿನೈದು ಕಪ್ಪೆಚಿಪ್ಪು. ಎಲ್ಲವೂ ಬಾಯಿ ಬಿಟ್ಟು ನಾರುತ್ತಿದ್ದವು.

“ದಡದ ತುಂಬಾ ಹಿಂಗೇ ಬಿದ್ದವೆ ಕಣಮ್ಮಿ. ಕೆರೆ ನೀರು ಮುಟ್ಟಬ್ಯಾಡಿ ಅಂತ ಬೋರ್ಡು ನೆಡ್ತಾವ್ರೆ.”

ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಎದ್ದು, ಕೆಲಸದವರಿಗೆಂದು ಸಾಲುಮನೆಗಳಾಗಿ, ಅವರ ಬಚ್ಚಲ ನೀರೆಲ್ಲ ಕೆರೆಯ ಕಾಲುವೆಗೆ ಬೀಳತೊಡಗಿದ ಮೇಲೆ ಅಡುಗೆಗೆ ನಾವು ಬೋರ್ ನೀರನ್ನೇ ಬಳಸುತ್ತಿದ್ದೆವು. ಆದರೆ ಸೋಮವಾರದ ಪೂಜೆಗೆ ಕೆರೆಯಿಂದಲೇ ಗಂಗೆ ತರುವುದು ನಮ್ಮ ಮನೆಯ ಪದ್ಧತಿ. ಪೂಜೆಯಾದ ಮೇಲೆ ಆ ತೀರ್ಥವನ್ನು ಬಸುರಿ ಸೊಸೆಗೆ ನಾನೇ ಕೈಯಾರೆ ಕೊಡುತ್ತಿದ್ದೆ.

ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಳು. ಚಿಕ್ಕವಳಿದ್ದಾಗ ನನ್ನ ಮಡಿಲಲ್ಲೇ ಬೆಳೆದವಳು. ಹಿಂದಿನ ತಿಂಗಳು ಲ್ಯಾಬಿನಲ್ಲಿ ಪರೀಕ್ಷೆ ಮಾಡಲೆಂದು ಇದೇ ಕೆರೆಯ ಚಿಪ್ಪು ತೆಗೆದುಕೊಂಡು ಹೋಗಿ, ಹದಿನೈದು ದಿನ ಬಿಟ್ಟು ಮತ್ತೆ ಬಂದಿದ್ದಳು. ಅವತ್ತು ಸೋಮವಾರ. ನನ್ನ ಜೊತೆ ಅವರೆ ಹಿದುಕಲು ಕೂತಳು.

“ಚಿಪ್ಪಿನ ರಕ್ತ ನೀರಿನ ಥರ ಇರ್ತದೆ ಚಿಕ್ಕಮ್ಮ. ಅದರೊಳಗೆ ಕಾವಲಿನ ಕಣಗಳಿರ್ತವೆ. ಬ್ಯಾಕ್ಟೀರಿಯಾ ಬಂದ್ರೆ ನುಂಗಿ ಅರಗಿಸ್ತವೆ. ಅರಗಿಸಕ್ಕಾಗ್ಲಿಲ್ಲ ಅಂದ್ರೆ ಆ ಕಣ ತಾನಾಗೇ ಸಾಯ್ತದೆ.”

“ಅಯ್ಯೋ, ಅದ್ಯಾಕೆ?”

“ರೋಗಕ್ಕೆ ಬೆಳೆಯೋಕೆ ಮನೆ ಸಿಗಬಾರ್ದು ಅಂತ. ಸಾಯೋದೂ ಒಡೆದು ಚೆಲ್ಲಾಪಿಲ್ಲಿಯಾಗಿ ಅಲ್ಲ. ಮುದುಡ್ಕೊಂಡು, ಒಳಗಿನ ಕೊಳೆ ಒಳಗೇ ಕಟ್ಕೊಂಡು, ಪೊಟ್ಟಣ ಆಗ್ತದೆ. ಪಕ್ಕದ ಕಣ ಅದನ್ನ ನುಂಗಿ ಜಾಗ ಚೊಕ್ಕಟ ಮಾಡ್ತದೆ. ಆದ್ರೆ ಕಾವಲಿನವೇ ಜಾಸ್ತಿ ಸತ್ರೆ ಚಿಪ್ಪೂ ಉಳಿಯಲ್ಲ.”

ಅಷ್ಟು ಸಣ್ಣ ಜೀವದೊಳಗೂ ಶಿವ ಇಂಥ ಬುದ್ಧಿ ಇಟ್ಟಿದ್ದಾನಲ್ಲ ಎಂದು ನನಗೆ ಕಣ್ಣು ತುಂಬಿತು.

“ನಮ್ಮ ಕೆರೆವು ಹೆಂಗವೆ?” ಎಂದೆ.

“ಚೆನ್ನಾಗವೆ,” ಎಂದಳು. ತಲೆ ಎತ್ತಲಿಲ್ಲ.

ಆಮೇಲೆ ಅವಳಿಗೂ ಪೂಜೆಯ ತೀರ್ಥ ಕೊಟ್ಟೆ. ಅಂಗೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ಅಷ್ಟನ್ನೂ ತಲೆಗೆ ಸವರಿಕೊಂಡಳು. ಬಾಯಿಗೆ ಒಂದು ಹನಿ ಹಾಕಲಿಲ್ಲ. ಪಟ್ಟಣ ಸೇರಿದರೂ ಎಂಥ ಭಕ್ತಿ ಎಂದುಕೊಂಡೆ. “ನೋಡಿ ಕಲ್ತ್ಕೊ,” ಎಂದು ಸೊಸೆಗೆ ಬೇರೆ ಹೇಳಿದ್ದೆ.

ಈಗ ಕೈಯ ಸಿಪ್ಪೆ ಒರೆಸಿಕೊಂಡು ಅವಳಿಗೆ ಫೋನ್ ಮಾಡಿದೆ. ಚಿಪ್ಪುಗಳು ಸತ್ತ ಸುದ್ದಿ ಹೇಳಿ, “ನಿಂಗೆ ಗೊತ್ತಿತ್ತಾ?” ಎಂದು ಕೇಳಿದೆ.

“ಕಾವಲಿನ ಕಣ ತುಂಬಾ ಸತ್ತಿದ್ವು ಚಿಕ್ಕಮ್ಮ. ಇನ್ನೊಂದ್ಸಲ ನೋಡಿ ಗ್ಯಾರಂಟಿ ಆಗೋವರ್ಗೂ ಯಾರಿಗೂ ಹೇಳ್ಬೇಡ ಅಂದಿದ್ರು ನಮ್ಮ ಮೇಡಂ.”

“ಗ್ಯಾರಂಟಿ ಆಗೋಗಂಟ ನೀನು ತಲೆಗೆ ಸವರ್ಕಂಡೆ. ನನ್ನ ಸೊಸೆ ಕುಡೀಬೇಕಿತ್ತಾ?”

ಅವಳು ಅತ್ತಳು. ನಾನು ಫೋನ್ ಇಟ್ಟುಬಿಟ್ಟೆ. ಕಣ ಮುದುಡಿ ಸಾಯುವುದು ಪಕ್ಕದ್ದು ಉಳಿಯಲಿ ಎಂದು. ಇವಳು ಕೊಳೆಯನ್ನು ಒಳಗೇ ಕಟ್ಟಿಕೊಂಡು ಕೂತದ್ದು ಯಾರು ಉಳಿಯಲಿ ಎಂದು? ಎಷ್ಟೋ ವರ್ಷವಾಯಿತು, ಅವಳು ಬಂದು ಹೋಗಿ ಮಾಡುತ್ತಾಳೆ, ಆ ಪ್ರಶ್ನೆ ಮಾತ್ರ ನನ್ನಲ್ಲೇ ಉಳಿದಿದೆ.

ಅವತ್ತು ಫೋನ್ ಇಟ್ಟಾಗ ಬಾಗಿಲ ಮರೆಯಲ್ಲಿ ಸೊಸೆ ನಿಂತಿದ್ದಳು. “ಅತ್ತೆಮ್ಮ, ಬಯ್ಯಬ್ಯಾಡಿ,” ಎಂದಳು. “ಆ ತೀರ್ಥ ಪಾಚಿ ವಾಸ್ನೆ. ವಾಕರಿಕೆ ಬರೋದು. ಬಾಯಾಗಿಟ್ಕಂಡೋಗಿ ಕರಿಬೇವಿನ ಬುಡಕ್ಕೆ ಉಗೀತಿದ್ದೆ.”

“ಎಲ್ಲಾ ಸೋಮವಾರವೂನಾ?”

“ಎಲ್ಲಾ ಸೋಮವಾರವೂ.”

“ಅದ್ಕೇ ಆ ಗಿಡ ಆ ಪಾಟಿ ಚಿಗುರ್ತಿತ್ತು,” ಎಂದರು ಯಜಮಾನರು.

ನನಗೆ ನಗು ಬರಲಿಲ್ಲ. ದೇವರ ತೀರ್ಥ ಉಗಿದವಳನ್ನು ಬಯ್ಯಲು ಬಾಯಿ ತೆರೆದೆ, ಕೈ ಮಾತ್ರ ದೇವರ ಕೋಣೆ ಕಡೆಗೆ ತಾನಾಗೇ ಮುಗಿಯಿತು. ನಂಬಿದ ಇಬ್ಬರೂ ನನ್ನ ಕಣ್ಣೆದುರೇ ಮೋಸ ಮಾಡಿದ್ದರು. ಒಬ್ಬಳ ಮೋಸದಿಂದ ಮನೆಯ ಬಸಿರು ಉಳಿದಿತ್ತು, ನನ್ನಪ್ಪ ಶಿವನೇ.

ಚಿಪ್ಪುಗಳನ್ನು ತಿಪ್ಪೆಗೆ ಹಾಕಿ, ಸೋಪಿನಲ್ಲಿ ಕೈ ತೊಳೆದು, ಉಳಿದ ಅವರೆ ಹಿದುಕಿದೆ. ಒಗ್ಗರಣೆಗೆ ಕರಿಬೇವು ಬೇಕಿತ್ತು. ಆ ಗಿಡದಿಂದಲೇ ಒಂದು ಎಸಳು ಕಿತ್ತು, ಬೋರ್ ನೀರಿನಲ್ಲಿ ಎರಡು ಸಲ ತೊಳೆದು, ಎಣ್ಣೆಗೆ ಹಾಕಿದೆ.