ತೊಟ್ಟಿಯಂಚಿನ ಅರಿಶಿನ

ಪೀಣ್ಯದ ಲೋಹಕ್ಕೆ ಲೇಪ ಹಾಕುವ ನಮ್ಮ ಪ್ಲೇಟಿಂಗ್ ಶೆಡ್ಡಿನಲ್ಲಿ ಮೂರು ತೊಟ್ಟಿಗಳಿದ್ದವು: ಆಸಿಡ್, ಕಾಸ್ಟಿಕ್ ಎಂಬ ಕ್ಷಾರ, ಕೊನೆಯದು ಬರೀ ನೀರು. ನೀಲಿ ಲಿಟ್ಮಸ್ ಆಮ್ಲದಲ್ಲಿ ಕೆಂಪಾಗುತ್ತದೆ, ಕೆಂಪು ಲಿಟ್ಮಸ್ ಕ್ಷಾರದಲ್ಲಿ ನೀಲಿಯಾಗುತ್ತದೆ. ಎರಡನ್ನೂ ದಿನಾ ನೀರಿನ ತೊಟ್ಟಿಗೆ ಅದ್ದಿ ನೋಡುವುದು ನನ್ನ ಕೆಲಸ. ನಾನು ಅದ್ದದೆಯೇ ‘ಸರಿಯಿದೆ’ ಎಂದು ಬರೆಯುತ್ತಿದ್ದೆ.

ಆಯುಧಪೂಜೆಯ ದಿನ, ಬಾಗಲಗುಂಟೆಯಿಂದ ಕೆಲಸಕ್ಕೆ ಬರುತ್ತಿದ್ದ ಅಕ್ಕ ಒಬ್ಬರು ತೊಟ್ಟಿಗಳ ಒದ್ದೆ ಅಂಚಿಗೆ ಅರಿಶಿನ ಬಳಿದರು. ಆಸಿಡ್ ತೊಟ್ಟಿಯದು ಹಳದಿಯಾಗಿಯೇ ಉಳಿಯಿತು. ಕಾಸ್ಟಿಕ್ ತೊಟ್ಟಿಯದು ಕೆಂಪಾಯಿತು. ಕ್ಷಾರ ತಾಗಿದ ಅರಿಶಿನ ಕೆಂಪಾಗಲೇಬೇಕು.

ನೀರಿನ ತೊಟ್ಟಿಯದೂ ಕೆಂಪಾಯಿತು.

“ಒಳ್ಳೇದೇ ಆಯ್ತಲ್ಲ ಸಾರ್, ಕುಂಕುಮ ಇಡೋ ಕೆಲ್ಸ ತಪ್ತು” ಎಂದು ಅಕ್ಕ ನಕ್ಕರು. ಆಮೇಲೆ, ದಿನಾ ಊಟಕ್ಕೆ ಮುಂಚೆ ತೊಳೆಯುವ ಹಾಗೆ, ಅರಿಶಿನದ ಕೈಗಳನ್ನು ಅದೇ ನೀರಿಗೆ ಅದ್ದಿದರು. ಅವೂ ಕೆಂಪಾದವು.