ಮೂಲೆ ಒಡೆದ ಸಂಖ್ಯೆ

ನಮ್ಮವರ ಸಮಾಧಿಯ ಕಲ್ಲಿನ ಮೇಲೆ ಹೆಸರಿನ ಕೆಳಗೆ 73939133 ಎಂದು ಕೆತ್ತಿಸಬೇಕಾಗಿತ್ತು. ಚಿತ್ತಾಪುರದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಅವರು ನನ್ನಲ್ಲಿ ಕೇಳಿಕೊಂಡ ಕಡೆಯ ಮಾತು ಅದು. ಹುಟ್ಟಿದ ತಾರೀಖು ಬೇಡ, ಹೋದ ತಾರೀಖು ಬೇಡ, ಇದೊಂದು ಇರಲಿ ಅಂದಿದ್ದರು. ಆಸ್ಪತ್ರೆಯಲ್ಲಿ ಮಲಗಿಕೊಂಡು, ನಗುತ್ತ.

ಸೇಡಂ ಕಡೆಯ ನಮ್ಮ ಹೊಲದಲ್ಲಿ ಮಣ್ಣು ಮಾಡಿದೆವು. ಕಲ್ಲಿನ ಮಾತು ಬಂದಾಗ ಮೈದುನ ನಾನು ಸಂಖ್ಯೆ ಬರೆದುಕೊಟ್ಟ ಚೀಟಿ ನೋಡಿ ಹುಬ್ಬೇರಿಸಿದ.

"ಇದೇನು ವೈನಿ, ಫೋನ್ ನಂಬರಾ? ಯಾರರೆ ಹಚ್ಚಿದ್ರ?"

"ಹಚ್ಚಲಿ ಬಿಡು. ನಿಮ್ಮಣ್ಣ ಇದ್ದಾಗೂ ಎತ್ತತಿದ್ದಿಲ್ಲ."

ದುಃಖದ ಮನೆ ಎಂದು ಅವನು ನಗು ತಡೆಯಲು ನೋಡಿದ, ಆಗಲಿಲ್ಲ.

ಶಹಾಬಾದಿನ ಪರ್ಸಿ ಕಲ್ಲು ಪದರು ಪದರಾಗಿ ಏಳುವಂಥದ್ದು. ನೆಲಕ್ಕೆ ಹಾಸಲು ಅದರಂಥದ್ದಿಲ್ಲ, ಅಂಚಿನಲ್ಲಿ ಉಳಿ ಇಟ್ಟರೆ ಮಾತ್ರ ಮುನಿಸು. ಕೆತ್ತುವ ಅಜ್ಜ, ಮಾಸ್ತರರ ನಂಬರು ಸಣ್ಣದಾಗಿ ಕಾಣಬಾರದೆಂದು ಏಳನ್ನು ಭಾಳ ದೊಡ್ಡದಾಗಿ ಶುರು ಮಾಡಿದ. ಕಡೆಯ ಮೂರಕ್ಕೆ ಬರುವಷ್ಟರಲ್ಲಿ ಕಲ್ಲೇ ಮುಗಿಯುತ್ತ ಬಂದಿತ್ತು. ಎರಡು ಏಟಿಗೆ ಮೂಲೆ ಎದ್ದು, ಮೂರರ ಸಮೇತ ಅವನ ಕಾಲ ಬಳಿ ಬಿತ್ತು.

ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೂತುಬಿಟ್ಟ. ಬೇರೆ ಕಲ್ಲಿನಲ್ಲಿ ಮತ್ತೆ ಕೆತ್ತಿಕೊಡುತ್ತೇನೆ ಎಂದ. ನಾಳೆಯೇ ಕಲ್ಲು ನಿಲ್ಲಿಸಬೇಕು, ಬೀಗರೆಲ್ಲ ಬರುತ್ತಾರೆ ಎಂದು ಮೈದುನ ರೇಗಾಡಿದ. ನನ್ನ ಚಿಂತೆ ಬೇರೆಯೇ ಇತ್ತು. ಒಂದು ಅಂಕಿ ಹೋದರೆ ಅದು ಅವರ ಸಂಖ್ಯೆಯಾಗಿ ಉಳಿಯುತ್ತದೆಯೇ? ಕೇಳೋಣವೆಂದರೆ ಹೇಳುವವರೇ ಇಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಗಣಿತದಲ್ಲಿ ಹೇಗೋ ದಡ ಮುಟ್ಟಿದವಳು.

ಅಜ್ಜನ ಅಂಗಳದ ಕಲ್ಲಿನ ರಾಶಿಯ ಮೇಲೆ ಕೂತು ನೆನಪು ಮಾಡಿಕೊಂಡೆ. ಅಡಿಗೆಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಅದನ್ನು ಬರೆದು ಹೇಳುತ್ತಿದ್ದರು: ಇಷ್ಟು ಪರ್ಸಿ ತಂದರೆ ಒಂದೇ ಉದ್ದ ಸಾಲಾಗಿ ಹಾಸಬೇಕು, ಸಮನಾದ ಹಲವು ಸಾಲು ಮಾಡಹೋದರೆ ಒಂದಿಷ್ಟು ಉಳಿದೇ ಉಳಿಯುತ್ತವೆ. ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆ. ಆಮೇಲೆ ನನ್ನ ಕೈಯ ಒದ್ದೆ ಅರಿವೆ ಕಸಿದು ಕಡೆಯ ಅಂಕಿ ಒರೆಸುವರು. ಉಳಿದ 7393913 ಕೂಡ ಭಾಗವಾಗದು. ಇನ್ನೊಂದು ಒರೆಸಿದರೆ 739391, ಅದೂ ಹಾಗೇ. ಒರೆಸುತ್ತ ಹೋದರೆ ಕಡೆಗೆ ಏಳು ಒಂದೇ. ಅದರ ಹಟವೂ ಅದೇ. ಈ ಗುಣದ ಸಂಖ್ಯೆಗಳಲ್ಲಿ ಎಂಟಂಕಿಯ ಇದಕ್ಕಿಂತ ದೊಡ್ಡದು ಇಲ್ಲವಂತೆ. ಕೊನೆಗೆ ಯಾವ ಅಂಕಿ ಸೇರಿಸಿದರೂ ಕೆಡುತ್ತದೆ, ತೆಗೆದರೆ ಕೆಡುವುದಿಲ್ಲ. ನಾನು, ಒರೆಸಿದ ನೆಲ ಹೊಲಸು ಮಾಡಬೇಡಿ, ಸಾರು ಉಕ್ಕುತ್ತಿದೆ ಅನ್ನುತ್ತಿದ್ದೆ.

ಕಲ್ಲು ಹೀಗೇ ಇರಲಿ ಎಂದೆ. ಸಿಟ್ಟಿಗೆ ಹೇಳುತ್ತಿದ್ದೇನೆ ಅಂದುಕೊಂಡ ಅಜ್ಜ. ಕಲ್ಲುಪುಡಿಯ ಮೇಲೆ ಬೆರಳಿನಿಂದ ಬರೆದು, ಒಂದೊಂದೇ ಅಂಕಿ ಅಳಿಸಿ ಇಬ್ಬರಿಗೂ ತೋರಿಸಿದೆ. ಮೈದುನ ಮೊಬೈಲಿನಲ್ಲಿ ಭಾಗಿಸಿ ನೋಡಿ ಸೋತ. ಅಜ್ಜ ಕಲ್ಲಿನ ಕಡೆ ಹೊರಳಿ ಉಳಿದ ಅಂಕಿಗಳ ಮೇಲೆ ಬೆರಳಾಡಿಸಿದ.

"ಹಂಗಾದ್ರ ಅಕ್ಕೋರೇ, ಈಗ ಕಡೀಗಿರೋ ಮೂರೂ ಜರಾ ಸೊಟ್ಟ ಆಗ್ಯಾದ. ಅದನ್ನೂ ತಗದುಬಿಡ್ಲೇನ್ರಿ?"

"ಸೊಟ್ಟ ಇದ್ರ ಇರ್ಲಿ," ಎಂದೆ. "ಇನ್ನ ಏನೂ ತಗೀಬ್ಯಾಡ್ರಿ."