ಜೇಬಿನಲ್ಲಿರಬೇಕಿದ್ದ ಫ್ಯೂಸ್

ಮೋಟಾರಿಗೆ ಕೈ ಹಚ್ಚುವ ಮೊದಲು ಫ್ಯೂಸ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುವುದು ಆ ಪಂಪ್ ಆಪರೇಟರರ ಪದ್ಧತಿ. ಫ್ಯೂಸ್ ಅವರ ಜೇಬಿನಲ್ಲಿದ್ದರೆ ಯಾರು ಏನು ಒತ್ತಿದರೂ ಮೋಟಾರು ತಿರುಗುವುದಿಲ್ಲ. ಮಾಗಳದ ಹೊಳೆದಂಡೆಯ ಪಂಪ್‌ಹೌಸಿನಲ್ಲಿ ಅವರು ಇಪ್ಪತ್ತು ವರ್ಷ ಹಾಗೆಯೇ ಕೆಲಸ ಮಾಡಿದ್ದರು. ಒಂದು ಬೆಳಿಗ್ಗೆ ಅದನ್ನು ಬಿಡಿಸಿದವನು ನಾನು.

ಪಂಪು ಕೊಟ್ಟೂರಿನ ಸಾಹುಕಾರರದು. ಮೇಲಿನ ತೊಟ್ಟಿಯಲ್ಲಿ ನೀರು ಇಳಿದರೆ ಮೋಟಾರು ತಾನೇ ಚಾಲೂ ಆಗಲೆಂದು ಅಲ್ಲೊಂದು ಪುಟ್ಟ ಕಂಪ್ಯೂಟರ್ ಕೂರಿಸಿದ್ದೆ. ಪ್ರೋಗ್ರಾಮು ಪೈಥಾನ್ ಭಾಷೆಯದು, ಮೋಟಾರಿನ ಸ್ವಿಚ್ಚಿನಂತೆ ಕೆಲಸ ಮಾಡುವ ರಿಲೇ ಬೋರ್ಡನ್ನು ಮುಟ್ಟುವ ತುಣುಕನ್ನು ಮಾತ್ರ ಸಿ ಭಾಷೆಯಲ್ಲಿ ಬರೆದು ಜೋಡಿಸಿದ್ದೆ. ಎರಡು ಮೂರು ದಿನಕ್ಕೊಮ್ಮೆ ಅದು ಸದ್ದಿಲ್ಲದೆ ಸಾಯುತ್ತಿತ್ತು. ಪೈಥಾನಿನಲ್ಲಿ ತಪ್ಪಿದ್ದರೆ ಯಾವ ಸಾಲಿನಲ್ಲಿ ಎಂದು ಅದೇ ಹೇಳುತ್ತದೆ. ಸಿ ಭಾಗದಲ್ಲಿದ್ದರೆ ಎಲ್ಲವನ್ನೂ ಒಟ್ಟಿಗೇ ಕೆಡವುತ್ತದೆ, ಕಾರಣ ಹೇಳುವುದಿಲ್ಲ. ಮನೆಯಲ್ಲಿ ಓಡಿಸಿದರೆ ಏನೂ ಆಗುತ್ತಿರಲಿಲ್ಲ. ಲ್ಯಾಪ್‌ಟಾಪ್ ಹೊತ್ತು ಅಲ್ಲಿಗೇ ಹೋದೆ. ಆಪರೇಟರ್ ಫ್ಯೂಸ್ ಕಿತ್ತು ಜೇಬಿಗಿಟ್ಟುಕೊಂಡು ಮೋಟಾರಿನ ಬಳಿ ಕೂತಿದ್ದರು.

“ಫ್ಯೂಸ್ ಹಾಕ್ರಿ, ಬೋರ್ಡಿಗೂ ಅದರಿಂದನ ಕರೆಂಟ್ ಬರ್ತೈತಿ, ಅದು ಏನ್ ಮಾಡ್ತೈತಿ ನೋಡಬೇಕು,” ಎಂದೆ.

“ನಾ ಕಪ್ಲಿಂಗಿನ ರಬ್ಬರ್ ಬದಲಿ ಮಾಡಾಕ ಹತ್ತೀನಲ್ರಿ ಸರ.” ಮೋಟಾರನ್ನು ಪಂಪಿಗೆ ಜೋಡಿಸುವ, ಜೊತೆಗೇ ತಿರುಗುವ ಭಾಗ ಅದು.

“ಮಾಡ್ರಿ. ಪ್ರೋಗ್ರಾಮ್ ನಿಲ್ಲಿಸೀನಿ. ಚಾಲೂ ಆಗಂಗಿಲ್ಲ.”

ಅವರು ಜೇಬಿನ ಮೇಲೆ ಕೈಯಿಟ್ಟು, ಆಮೇಲೆ ಫ್ಯೂಸ್ ಹೊರತೆಗೆದರು. “ಓದಿದವ್ರು ಹೇಳಿದ ಮ್ಯಾಲೆ ಮುಗೀತ್ ಬಿಡ್ರಿ,” ಎಂದು ನಗುತ್ತ ಹೋಗಿ ಹಾಕಿದರು.

ನಿಲ್ಲಿಸಿದ್ದು ನಿಜ. ತಪ್ಪು ಹುಡುಕಲು ಪ್ರೋಗ್ರಾಮನ್ನು ನಡುವೆಯೇ ತಡೆದು ನೋಡುವ ಡಿಬಗ್ಗರಿನಿಂದ ಅದನ್ನು ಸಿ ಭಾಗದ ನಡುವೆ ತಡೆದಿಟ್ಟಿದ್ದೆ. ಆದರೆ ಅಷ್ಟರಲ್ಲಿ, ತೊಟ್ಟಿ ಖಾಲಿ, ಮೋಟಾರು ಹಾಕಬೇಕು ಎಂದು ಅದು ತೀರ್ಮಾನಿಸಿಯಾಗಿತ್ತು. ತಡೆದ ಪ್ರೋಗ್ರಾಮಿಗೆ ಹೊರಗೆ ಯಾರ ಕೈ ಎಲ್ಲಿದೆ ತಿಳಿಯದು. ಬಿಟ್ಟ ಕೂಡಲೇ ಉಳಿದ ಕೆಲಸ ಮುಗಿಸುತ್ತದೆ. ಇದು ನನಗೆ ಗೊತ್ತಿತ್ತು. ಪರದೆಯಲ್ಲೇ ಮುಳುಗಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ತಪ್ಪು ಸಿಕ್ಕಿತು. ಕಂಪ್ಯೂಟರಿನ ಮೆಮೊರಿಯಲ್ಲಿದ್ದ ಒಂದು ಮಾಹಿತಿಯನ್ನು ನನ್ನ ಸಿ ಭಾಗ ಇನ್ನೂ ಬಳಸುತ್ತಿದೆಯೆಂದು ಪೈಥಾನಿಗೆ ತಿಳಿಸಿರಲಿಲ್ಲ. ಯಾರಿಗೂ ಬೇಡವೆಂದು ಅದು ಅಳಿಸುತ್ತಿತ್ತು, ಅಳಿಸಿದ ಜಾಗವನ್ನು ನಾನು ಓದುತ್ತಿದ್ದೆ. ಆ ಖುಷಿಯಲ್ಲಿ, ಮುಂದೇನಾಗುತ್ತದೆ ನೋಡೋಣವೆಂದು, ಮುಂದುವರಿಸು ಎಂದು ಡಿಬಗ್ಗರಿಗೆ ಹೇಳುವ ಒಂದಕ್ಷರವನ್ನು ಒತ್ತಿದೆ.

ಸ್ಟಾರ್ಟರು ಟಪ್ ಎಂದಿತು.

ಸ್ಪ್ಯಾನರಿಗೆಂದು ಆಪರೇಟರ್ ಆಗಷ್ಟೇ ಕಪ್ಲಿಂಗಿನಿಂದ ಕೈ ಹಿಂದಕ್ಕೆ ತೆಗೆದಿದ್ದರು. ಹೆಗಲ ಟವೆಲ್ಲನ್ನು ಕಪ್ಲಿಂಗು ಎಳೆದುಕೊಂಡು ಸುತ್ತಿತು, ಅವರು ಹಿಂದಕ್ಕೆ ಕುಸಿದು ಕೂತರು. ಟವೆಲ್ಲು ಕೊರಳಿಗೆ ಸುತ್ತಿದ್ದರೆ, ಕೈ ಇನ್ನೊಂದು ಗಳಿಗೆ ಒಳಗಿದ್ದರೆ. ಮನೆಯಲ್ಲಿ ಯಾರಾದರೂ ಸ್ವಿಚ್ಚು ಒತ್ತಿದರೂ ನನಗೆ ಈಗಲೂ ಆ ಟವೆಲ್ಲು ಕಾಣುತ್ತದೆ.

ಮಧ್ಯಾಹ್ನ ಸಾಹುಕಾರರು ಬಂದು ಹರಿದ ಟವೆಲ್ಲು ನೋಡಿದರು.

“ಫ್ಯೂಸ್ ಕಿತ್ತಿದ್ದಿಲ್ಲೇನಲೇ?”

ಆಪರೇಟರ್ ನನ್ನತ್ತ ನೋಡಿದರು. ನಾನು ಪರದೆ ನೋಡುತ್ತಿದ್ದೆ.

“ಮರ್ತೆ ರೀ,” ಎಂದರು.

“ಇನ್ನೊಮ್ಮೆ ಮರ್ತರ ಬ್ಯಾರೆಯವ್ರನ್ನ ಇಡ್ತೀನಿ ನೋಡು.” ನನ್ನ ಕಡೆ ತಿರುಗಿ, ಪ್ರೋಗ್ರಾಮಿನ ತಪ್ಪು ಸಿಕ್ಕಿದ್ದು ತಿಳಿದು, ಬೆನ್ನು ತಟ್ಟಿದರು. ತಟ್ಟಿಸಿಕೊಂಡೆ.

ತಿಂಗಳು ಕಳೆದು ಮತ್ತೆ ಹೋದಾಗ ಸಾಹುಕಾರರೂ ಅಲ್ಲಿದ್ದರು. ಆಪರೇಟರ್ ಫ್ಯೂಸ್ ಕಿತ್ತು ನನ್ನ ಅಂಗೈಯಲ್ಲಿಟ್ಟರು. “ನಿಮ್ಮ ಜೇಬಿನ್ಯಾಗ ಇರ್ಲಿ ಸರ. ನನಗ ಮರವು ಬಾಳ ಆಗೇತಿ.”

ಸಾಹುಕಾರರು ನಕ್ಕರು.

“ಇವರು ಅವತ್ತು ಮರ್ತಿದ್ದಿಲ್ರಿ,” ಎಂದೆ. “ಹಾಕ್ರಿ ಅಂದಾಂವ ನಾನು. ಚಾಲೂ ಮಾಡಿದಾಂವನೂ ನಾನ.”

“ಮತ್ತ ಅವತ್ತ ಯಾಕ ಹೇಳ್ಲಿಲ್ಲ?” ಎಂದರು ಸಾಹುಕಾರರು.

ಆಪರೇಟರ್ ನನ್ನ ಕೈಯಿಂದ ಫ್ಯೂಸನ್ನು ತೆಗೆದುಕೊಂಡು, ತಮ್ಮ ಜೇಬಿಗೆ ಹಾಕಿ, ಜೇಬಿನ ಗುಂಡಿಯನ್ನೂ ಹಾಕಿ, ಸ್ಪ್ಯಾನರ್ ಎತ್ತಿಕೊಂಡರು.